ಅಂಗಿಯ ತುದಿಯ ಕ್ಲಿಪ್ಪು

ಆ ಹುಡುಗಿ ಬಗ್ಗಿ ಅವನ ಅಂಗಿಯ ತುದಿ ಹಿಡಿದದ್ದೇ ತಡ, ಇವಳ ಕೈಯಲ್ಲಿದ್ದ ಕತ್ತರಿ ಗೆರೆ ತಪ್ಪಿ ಆಚೆ ಹೋಯಿತು. ಹೊಲಿಗೆ ಅಂಗಡಿ ಇಟ್ಟ ಮೇಲೆ ಹೀಗಾದದ್ದು ಇದೇ ಮೊದಲು. ಯಾರದೋ ಒಳ್ಳೆಯ ಬಟ್ಟೆ ಹಾಳಾಯಿತು.

ಎದುರಿನ ಕಟ್ಟಡದ ಮಹಡಿಯಲ್ಲಿ ಹೊಸ ಜಿಮ್, ರಸ್ತೆ ಕಡೆಯ ಗೋಡೆಯುದ್ದಕ್ಕೂ ಗಾಜು. ಗಾಜಿನ ಹಿಂದೆ ಟ್ರೆಡ್‌ಮಿಲ್ಲಿನ ಮೇಲೆ ಇವಳ ಅಂಗಡಿಯ ಪಕ್ಕದ ಬೇಕರಿಯವನು ಹೆದರಿಕೊಂಡು ನಿಂತಿದ್ದ. ಟ್ರೈನರ್ ಹುಡುಗಿ ಕೆಂಪು ದಾರದ ಕ್ಲಿಪ್ಪೊಂದನ್ನು ಅವನ ಅಂಗಿಗೆ ಸಿಕ್ಕಿಸಿ ನಗುತ್ತಿದ್ದಳು. ಆ ಅಂಗಿ ಹೊಲಿದವಳು ಇವಳು. ಆ ತುದಿಯನ್ನು ಮಡಚಿ, ಕೈಹೊಲಿಗೆ ಹಾಕಿ, ಇಸ್ತ್ರಿ ಮಾಡಿ ಕೊಟ್ಟವಳೂ ಇವಳೇ. ಮುಟ್ಟಿ ನಗುವುದಕ್ಕೆ ಮಾತ್ರ ಇನ್ನೊಬ್ಬಳು.

ಹೋದ ತಿಂಗಳವರೆಗೆ ಆ ಹೊತ್ತು ಇವಳದಾಗಿತ್ತು. ಅವನು ಕೈಗಂಟಿದ ಹಿಟ್ಟು ಒರೆಸಿಕೊಂಡು, ಬಿಸಿ ಬನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂರುತ್ತಿದ್ದ. ಹೇಳಬೇಕಾದದ್ದೊಂದನ್ನು ಬಿಟ್ಟು ಊರ ಸುದ್ದಿಯೆಲ್ಲ ಹೇಳುತ್ತಿದ್ದ. ಇವಳೂ ಹಾಗೇ. ಆಮೇಲೆ ಅವನಿಗೆ ಸಕ್ಕರೆ ಕಾಯಿಲೆ ಶುರುವಾಯಿತು. ಡಾಕ್ಟರು ಸಿಹಿ ಬಿಡಿಸಿ ನಡೆಯಲು ಹೇಳಿದರು. ಅಂದಿನಿಂದ ಸ್ಟೂಲು ಖಾಲಿ.

ಇವಳು ದಿನವೂ ಕದ್ದು ನೋಡುತ್ತಿದ್ದಳು. ಅವನ ಮುಖ ರಸ್ತೆಯ ಕಡೆ ತಿರುಗುವ ಸುಳಿವು ಸಿಕ್ಕರೆ ಸಾಕು, ಹೊಲಿಗೆ ಯಂತ್ರದ ಮೇಲೆ ಬಗ್ಗಿಬಿಡುತ್ತಿದ್ದಳು. ಮತ್ತೆ ತಲೆಯೆತ್ತುವಷ್ಟರಲ್ಲಿ ಅವನ ಟ್ರೆಡ್‌ಮಿಲ್ಲಿನ ಬೆಲ್ಟು ನಿಂತಿರುತ್ತಿತ್ತು, ಹುಡುಗಿ ಕ್ಲಿಪ್ಪು ಹಿಡಿದು ನಗುತ್ತಿರುತ್ತಿದ್ದಳು. ಒಂದು ಸಲ ಹಾಕಿದರೆ ಸಾಲದೇನು? ಅದೆಷ್ಟು ಸಲ ಹಾಕುತ್ತಾಳೆ ಅವಳು?

ಬಟನ್ ಹಚ್ಚುತ್ತಿದ್ದ ಅತ್ತಿಗೆ, ಏನೋ ಸುಟ್ಟ ವಾಸನೆ ಬರುತ್ತಿದೆಯಲ್ಲ, ಇಸ್ತ್ರಿಪೆಟ್ಟಿಗೆ ಆರಿಸಿದೆಯಾ ಎಂದು ಕೇಳಿದಳು. ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು. ಇವಳು ಕತ್ತರಿ ಎತ್ತಿಟ್ಟು, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು, ರಸ್ತೆ ದಾಟಿದಳು.

ಬೊಜ್ಜು ಬಂದಿದೆ, ನಾನೂ ನಡೆಯಬೇಕು ಎಂದಳು ಟ್ರೈನರಿಗೆ. ಹುಡುಗಿ ಇವಳ ಕಡ್ಡಿಯಂಥ ಮೈಯನ್ನು ಮೇಲಿಂದ ಕೆಳಗೆ ನೋಡಿ, ಖಾಲಿ ಮೆಷಿನ್ನೊಂದನ್ನು ತೋರಿಸಿದಳು. ಪಕ್ಕದ ಮೆಷಿನ್ನಿನಲ್ಲಿದ್ದ ಬೇಕರಿಯವನು ಹೆಜ್ಜೆ ತಪ್ಪಿ ಬಾರ್ ಹಿಡಿದುಕೊಂಡ.

ಪಾಠ ಸಣ್ಣದು. ಮೊದಲು ಎರಡೂ ಕಾಲು ಬೆಲ್ಟಿನ ಆಚೀಚೆಯ ಪಟ್ಟಿಗಳ ಮೇಲಿರಬೇಕು. ಬಟ್ಟೆಗೆ ಕ್ಲಿಪ್ಪು ಬೇಕೇ ಬೇಕು; ಅದರ ದಾರದ ಇನ್ನೊಂದು ತುದಿ ಮೆಷಿನ್ನಿನ ಕೀಲಿಗೆ, ಹಿಂದೆ ಬಿದ್ದರೆ ಕೀಲಿ ಕಿತ್ತು ಬೆಲ್ಟು ತಾನೇ ನಿಲ್ಲುತ್ತದೆ. ತೀರ ನಿಧಾನವಾಗಿ ಶುರು ಮಾಡಿ ಒಂದೊಂದೇ ಕಾಲಿಡಬೇಕು. ಕಾಲು ನೋಡಬಾರದು, ಪಕ್ಕ ನೋಡಬಾರದು, ಕಣ್ಣು ನೆಟ್ಟಗೆ ಮುಂದಿರಬೇಕು.

ಇವಳು ಮುಂದೆ ನೋಡಿದಳು. ಗೋಡೆಯಲ್ಲಿ ಏನಿದೆ ನೋಡುವುದಕ್ಕೆ? ಪಕ್ಕದಲ್ಲಿ ಹುಡುಗಿ ಅವನಿಗೆ ಭುಜ ಸಡಿಲ ಬಿಡಿ ಎನ್ನುತ್ತಿದ್ದಳು. ಯಾರ ಭುಜ, ಎಷ್ಟು ಸಡಿಲ ಎಂದು ಇವಳು ತಿರುಗಿದಳು. ತಿರುಗಿದ್ದೇ ಹೆಜ್ಜೆ ಹಿಂದೆ ಬಿತ್ತು, ದಾರ ಬಿಗಿಯಿತು, ಕೀಲಿ ಕಿತ್ತು ಬಂದು ಬೆಲ್ಟು ನಿಂತಿತು. ಮತ್ತೆ ಹತ್ತಿದಳು, ಮತ್ತೆ ತಿರುಗಿದಳು, ಮತ್ತೆ ನಿಂತಿತು.

"ನಿಮ್ಮ ಮೆಷಿನ್ ಸರಿ ಇಲ್ಲ," ಎಂದಳು ಮುಖ ಊದಿಸಿಕೊಂಡು.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಗಾಜಿನ ಹಿಂದೆ ಕಂಡಿದ್ದ ಅದೇ ನಗು. "ಮೆಷಿನ್ ಸರಿಯಾಗೇ ಇದೆ ಅಕ್ಕ. ಇವರದ್ದೂ ಹೀಗೇ, ದಿನಾ ನಿಲ್ಲುತ್ತೆ. ಮುಂದೆ ನೋಡಿ ಅಂದ್ರೆ ಕೇಳಲ್ಲ. ನಿಮ್ಮ ಅಂಗಡಿ ಕಡೆನೇ ತಿರುಗ್ತಾರೆ."

ಬೇಕರಿಯವನ ಕಿವಿ ಕೆಂಪಾದವು. ಇಷ್ಟು ದಿನ ಇವಳ ಹೊಟ್ಟೆ ಉರಿಸಿದ ಒಂದೊಂದು ಕ್ಲಿಪ್ಪೂ ಅವನು ಇವಳನ್ನು ಹುಡುಕಿದ ಗಳಿಗೆಯಾಗಿತ್ತು. ಇವಳಿಗೆ ಸಂತೋಷವಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು.

"ಇಲ್ಲಿಂದ ನೋಡೋ ಬದಲು ಅಂಗಡಿಗೇ ಬರಬಹುದಿತ್ತಲ್ಲ?"

ಅವನು ಮೆಷಿನ್ ನಿಲ್ಲಿಸಿ ಬೆಲ್ಟನ್ನೇ ನೋಡುತ್ತ ನಿಂತ. "ಬನ್ನು ತಿನ್ನೋ ಹಾಗಿಲ್ಲ. ಬರೀ ಕೈಲಿ ಬಂದ್ರೆ ಯಾಕೆ ಬಂದ್ರಿ ಅಂತ ಕೇಳ್ತೀರಿ. ಏನು ಹೇಳ್ಲಿ?"

"ಕೇಳಿದ್ರೆ ನಿಜ ಹೇಳ್ಬೇಕಿತ್ತು."

"ನಿಮ್ಮನ್ನ ನೋಡದೆ ಇರೋಕಾಗಲ್ಲ ಅಂತ. ಅದೇ ನಿಜ."

ಇವಳು ಮೆಷಿನ್ನಿನಿಂದ ಇಳಿದಳು, ನೆಲ ಓಡಿದಂತಾಗಿ ಓಲಾಡಿದಳು. ಅವನೂ ಇಳಿದು ಇವಳ ಮೊಣಕೈ ಹಿಡಿದುಕೊಂಡ. ಇಳಿದ ಮೇಲೆ ಸ್ವಲ್ಪ ಹೊತ್ತು ಹಾಗೆ ಆಗುತ್ತದೆ, ಯಾವುದಾದರೂ ಆಸರೆ ಹಿಡಿದಿರಿ ಎಂದಳು ಟ್ರೈನರ್. ಆ ಸ್ವಲ್ಪ ಹೊತ್ತು ಕಳೆಯಿತು. ನೆಲ ನಿಂತಿತು. ಅವನು ಕೈ ಬಿಡಲಿಲ್ಲ, ಇವಳು ಬಿಡಿಸಿಕೊಳ್ಳಲಿಲ್ಲ.

ಅವನ ವ್ಯಾಯಾಮ ಇನ್ನೂ ಅರ್ಧ ಉಳಿದಿತ್ತು. ಹುಡುಗಿ ಅಭ್ಯಾಸದಂತೆ ಕೆಂಪು ದಾರ ಎತ್ತಿಕೊಂಡು ಅವನ ಅಂಗಿಯತ್ತ ಬಗ್ಗಿದಳು. ಇವಳು ಕೈ ಚಾಚಿದಳು.

"ಇಲ್ಲಿ ಕೊಡಮ್ಮ. ಇನ್ಮೇಲೆ ಇವರಿಗೆ ಕ್ಲಿಪ್ಪು ನಾನೇ ಹಾಕ್ತೀನಿ."