ನೀರಿಗೆ ದಾರಿ ತೋರುವವರು

ಭೂಶ್ವಾಸಮಾಪಕದ ಕೆಂಪು ದೀಪ ಬೆಳಗಿನ ಹತ್ತು ಗಂಟೆಗೆ ಹೊತ್ತಿಕೊಂಡಿತು. ಆಂಡೀಸ್ ಪರ್ವತಗಳ ನಡುವಿನ ವಿಲ್ಕಾರಾಯ ಜ್ವಾಲಾಮುಖಿಯ ಸುತ್ತ ನಲವತ್ತು ಕಡೆ ಹೂತ ಕೊಳವೆಗಳಿಂದ ಭೂಗರ್ಭದ ಅನಿಲವನ್ನು ಹೀರಿ, ಬೆಟ್ಟ ಯಾವಾಗ ಸಿಡಿಯುತ್ತದೆಂದು ಹೇಳಬಲ್ಲ ಯಂತ್ರ ಅದು. ರೂಪಿಸಿದವಳು ಧಾರವಾಡದ ಡಾ. ಶಾಲ್ಮಲಾ ಹಂಚಿನಮನಿ. ಯಂತ್ರ ಕೊಟ್ಟ ಗಡುವು ಒಂಬತ್ತು ವಾರ.

ಬೆಟ್ಟದ ಮಗ್ಗುಲಲ್ಲಿ, ಹದಿನಾಲ್ಕು ಸಾವಿರ ಅಡಿ ಎತ್ತರದ ಜೌಗುನೆಲವೊಂದರಲ್ಲಿ ಹಸಿಂತಾ ಎಂಬ ಮುದುಕಿ ಅಲ್ಪಾಕಾಗಳನ್ನು ಮೇಯಿಸಿಕೊಂಡಿದ್ದಳು. ಕುರಿಯಂತೆ ಉಣ್ಣೆ ಕೊಡುವ ಪ್ರಾಣಿಗಳವು. ಅಲ್ಲಿ ಕೆಲಸ ಮಾಡಿದ ಆರು ವರ್ಷಗಳಲ್ಲಿ ಶಾಲ್ಮಲಾ ಅವಳ ಭಾಷೆಯನ್ನೂ ಕಲಿತಿದ್ದಳು, ಅವಳನ್ನು ಅವ್ವಾ ಎನ್ನುವುದನ್ನೂ.

"ಕೆಳಗಿನ ಊರಿಗೆ ಹೋಗ್ಬೇಕು ಅವ್ವಾ. ಇಲ್ಲಿದ್ರೆ ಉಳಿಯಲ್ಲ."

"ನನ್ನ ಹುಲ್ಲು?"

"ಬೂದಿ ಬಿದ್ರೂ ಮತ್ತೆ ಚಿಗುರುತ್ತೆ. ನಾನೇ ಕರ್ಕೊಂಡು ಬರ್ತೀನಿ, ಮಾತು ಕೊಟ್ಟೆ."

ಹಸಿಂತಾ ಹೊರಟಳು. ಹೇಳಿದ ವಾರದಲ್ಲೇ ವಿಲ್ಕಾರಾಯ ಸಿಡಿಯಿತು, ಒಬ್ಬರೂ ಸಾಯಲಿಲ್ಲ. ಜಗತ್ತು ಶಾಲ್ಮಲಾಳನ್ನು ಕೊಂಡಾಡಿತು. ಇನ್ನು ಮರಳಬಹುದೆಂದು ಯಂತ್ರ ಹಸಿರು ದೀಪ ತೋರಲು ಮಾತ್ರ ಮೂರು ವರ್ಷ ಹಿಡಿಯಿತು.

ಮಾತಿನಂತೆ ಶಾಲ್ಮಲಾ ಮುದುಕಿಯನ್ನೂ ಉಳಿದಿದ್ದ ಹನ್ನೊಂದು ಅಲ್ಪಾಕಾಗಳನ್ನೂ ಲಾರಿಯಲ್ಲಿ ಕರೆತಂದಳು. ಜೌಗುನೆಲ ಅಲ್ಲಿರಲಿಲ್ಲ. ಕಂದು ನೆಲ ಬಿರುಕು ಬಿಟ್ಟು, ಕಾಲಿಟ್ಟಲ್ಲಿ ಕಾಫಿಪುಡಿಯಂತೆ ಉದುರುತ್ತಿತ್ತು. ಪ್ರಾಣಿಗಳು ಮೂಸಿ ಮೂಸಿ ತಲೆಯೆತ್ತಿದವು.

ಶಾಲ್ಮಲಾ ಅಗೆದು ನೋಡಿದಳು. ಬೂದಿ ಎರಡು ಬೆರಳಿನಷ್ಟೂ ಇರಲಿಲ್ಲ.

"ಲಾವಾ ಈ ಕಡೆ ಬರ್ಲೇ ಇಲ್ಲ. ನೀರೆಲ್ಲಿ ಹೋಯ್ತು?"

ಹಸಿಂತಾ ಕೈ ತೋರಿದಳು. ಹಿಮ ಕರಗಿ ಬರುವ ತೊರೆ ಆಳವಾದ ಒಂದೇ ಕೊರಕಲು ಕೊರೆದುಕೊಂಡು ನೆಟ್ಟಗೆ ಕೆಳಗೆ ಹರಿಯುತ್ತಿತ್ತು.

"ದಿನಾ ಬೆಳಿಗ್ಗೆ ಅದನ್ನ ತಿರುಗಿಸ್ಬೇಕು. ಇವತ್ತು ಈ ಕಡೆ, ನಾಳೆ ಆ ಕಡೆ, ಸಣ್ಣ ಸಣ್ಣ ಕಾಲುವೆ ತೋಡಿ. ನಮ್ಮಜ್ಜಿ ಮಾಡ್ತಿದ್ಲು, ಅವಳಜ್ಜೀನೂ ಮಾಡ್ತಿದ್ಲು. ಬಿಟ್ರೆ ನೀರು ತನ್ನ ಪಾಡಿಗೆ ಹೋಗಿಬಿಡುತ್ತೆ."

ಆರು ವರ್ಷ ಶಾಲ್ಮಲಾ ಅದನ್ನು ಪ್ರಕೃತಿ ತಾನೇ ಮಾಡಿದ ಜೌಗುನೆಲವೆಂದೇ ವರದಿಗಳಲ್ಲಿ ಬರೆದಿದ್ದಳು.

"ಅವತ್ತೇ ಯಾಕೆ ಹೇಳ್ಲಿಲ್ಲ ಅವ್ವಾ?"

"ಬೆಟ್ಟದ ಉಸಿರನ್ನೇ ತಿಳ್ಕೊಳ್ಳೋಳು ನೀನು. ಇದು ಗೊತ್ತಿರಲ್ವಾ ಅಂದ್ಕೊಂಡೆ."

"ಈಗ ತಿರುಗಿಸಿದ್ರೆ?"

"ಒಣಗಿದ ಬೇರಿನ ಮೆತ್ತೆ ಮತ್ತೆ ನೀರು ಕುಡಿಯಲ್ಲ ಮಗಳೇ. ಹೊಸ ಮೆತ್ತೆ ಬೆಳೀಬೇಕು. ನೂರು ವರ್ಷ ಬೇಕೋ, ಇನ್ನೂರೋ."

ಶಾಲ್ಮಲಾ ಅಲ್ಲೇ ಕುಸಿದು ಅತ್ತಳು. ಮುದುಕಿ ಅವಳ ಬೆನ್ನು ಸವರಿದಳು.

"ಅಳ್ಬೇಡ. ನನ್ನ ಜೀವ ಉಳಿಸ್ದೆ, ಸುಳ್ಳಲ್ಲ. ಈ ಜೀವ ಇಟ್ಕೊಂಡು ಇನ್ನು ಏನ್ಮಾಡ್ಲಿ, ಅದನ್ನೂ ನೀನೇ ಹೇಳು."

ಶಾಲ್ಮಲಾ ಎದ್ದಳು. ಇಳಿಸಿದ ಪ್ರಾಣಿಗಳನ್ನು ಇಬ್ಬರೂ ಒಂದೊಂದಾಗಿ ಮತ್ತೆ ಲಾರಿಗೆ ಹತ್ತಿಸಿದರು.