ಹಗ್ಗ ಎಳೆದುಕೊಂಡವಳು

"ಲಿಬಾ! ಹಗ್ಗ ಯಾಕೆ ಎಳೀತಿದ್ದೀಯಾ?!"

ಗೋಪುರದಂಥ ಮರಳುಗಲ್ಲಿನ ತುದಿಯಿಂದ ರಾಡಿಮ್ ಕೂಗಿದ. ಕೆಳಗೆ ನಿಂತಿದ್ದ ಲಿಬುಷೆ ಕೈ ನಿಲ್ಲಿಸಲಿಲ್ಲ. ಹಗ್ಗ ಸರ್ರನೆ ಬಂದು ಅವಳ ಕಾಲ ಬಳಿ ಬಿತ್ತು. ಅದಿಲ್ಲದೆ ಅಲ್ಲಿಂದ ಇಳಿದವರು ಯಾರೂ ಇಲ್ಲ.

"ಅಲ್ಲೇ ಇರು! ನಮ್ಮಪ್ಪ ಮೊದಲು ಹತ್ತಿದ ಕಲ್ಲನ್ನ ಇನ್ಮೇಲೆ ಯಾರೂ ಹತ್ತಬಾರದು ಅಂತಾರಲ್ಲ ನಿಮ್ಮ ಕಚೇರಿಯೋರು... ನೀನೇ ಕಾವಲು ಕಾಯಿ! ಮೇಲಿರೋ ಚೀಲದಲ್ಲಿ ಬ್ರೆಡ್ ಇದೆ. ಹಸಿದು ಸತ್ತು ನನ್ನ ತಲೆಗೆ ಕಟ್ಟಬೇಡ."

ಒಂದು ಕಾಲದಲ್ಲಿ ಒಂದೇ ಹಗ್ಗದ ಎರಡು ತುದಿಗೆ ಕಟ್ಟಿಕೊಂಡು ಬೊಹೆಮಿಯಾದ ಈ ಬಂಡೆಗಳನ್ನೆಲ್ಲ ಹತ್ತಿದ ಪ್ರೇಮಿಗಳು ಅವರು. ಅವನು ನಿಸರ್ಗ ಸಂರಕ್ಷಣೆಯ ಕಚೇರಿ ಸೇರಿದ. ಕಣಿವೆಯನ್ನು ಮೀಸಲು ಪ್ರದೇಶ ಮಾಡಿ, ಹತ್ತುವುದನ್ನೇ ನಿಷೇಧಿಸುವ ಪ್ರಸ್ತಾವ ಅಲ್ಲಿಂದಲೇ ಬಂತು. ಅಂದಿನಿಂದ ಅವಳು ಅವನ ಫೋನ್ ಎತ್ತಿರಲಿಲ್ಲ.

ಇವತ್ತು ಅವಳೇ 'ಕೊನೇ ಸಲ ಹತ್ತೋಣ ಬಾ' ಎಂದು ಕರೆದದ್ದು ಪ್ರೀತಿಯಿಂದೇನಲ್ಲ! ತುದಿ ಮುಟ್ಟಿದ ಜೊತೆಗಾರರು ಕೈಕುಲುಕಿ 'ಬೆಟ್ಟಕ್ಕೆ ಜಯ' ಎನ್ನುವುದು ಇಲ್ಲಿಯ ವಾಡಿಕೆ. ಅವನು ಕೈ ಚಾಚಿದ್ದ. ಅವಳು ಮುಖ ತಿರುಗಿಸಿ ಮೊದಲು ತಾನು ಇಳಿದಿದ್ದಳು.

'ನಿಷೇಧ ತೀರ್ಮಾನಿಸೋ ಸಮಿತಿ ನಾಳೆ ಬರುತ್ತೆ. ಸಾಹೇಬರು ಅಲ್ಲಿ ಕೂತಿರೋದು ನೋಡಿ ಊರೆಲ್ಲ ನಗಲಿ!'

ಅವಳ ಹೊಟ್ಟೆ ತಣ್ಣಗಾಯಿತು. ಆದರೆ ಎಷ್ಟು ಹೊತ್ತು? ಮೋಡ ಕವಿದು ಮಳೆ ಸುರಿಯಿತು.

'ಅಯ್ಯೋ... ನಡುಗ್ತಿದ್ದಾನಲ್ಲಾ!'

ಹಗ್ಗ ಹೆಗಲಿಗೇರಿಸಿ ಬಂಡೆಯ ಮೇಲೆ ಕಾಲಿಟ್ಟಳು.

"ಮುಟ್ಟಬೇಡ ಲಿಬಾ! ಕಲ್ಲು ಒದ್ದೆ!"

ನೆನೆದ ಮರಳುಗಲ್ಲು ಹಿಡಿದ ಕೈಯಲ್ಲೇ ಪುಡಿಯಾಗುತ್ತದೆ. ಅದನ್ನು ಮುಟ್ಟಬಾರದೆಂದು ಇಲ್ಲಿಯ ಮಕ್ಕಳು ಅಕ್ಷರಕ್ಕಿಂತ ಮೊದಲೇ ಕಲಿಯುತ್ತಾರೆ.

"ಬಿದ್ರೆ ಬೀಳ್ತೀನಿ! ನಿನ್ನ ಇಳಿಸಬೇಕು!"

"ಕಲ್ಲು ಒಡೆದ್ರೆ, ಹತ್ತೋರೇ ಬಂಡೆ ಹಾಳು ಮಾಡ್ತಾರೆ ಅಂತಾರೆ ನಾಳೆ! ನಿಮ್ಮಪ್ಪನ ಕಲ್ಲು ಕೈತಪ್ಪುತ್ತೆ! ನಿಷೇಧ ಬೇಡ ಅಂತ ಆ ಕಚೇರೀಲಿ ಹೊಡೆದಾಡ್ತಿರೋನು ನಾನೊಬ್ಬನೇ ಕಣೇ... ಹೇಳೋಣ ಅಂದ್ರೆ ಫೋನ್ ಎತ್ತಿದ್ಯಾ ನೀನು?"

ಅವಳು ಕಾಲು ಹಿಂದೆಗೆದಳು. ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ರಾತ್ರಿಯಿಡೀ ಬಂಡೆಯ ಬುಡ ಬಿಟ್ಟು ಏಳಲೇ ಇಲ್ಲ.

ಬೆಳಗ್ಗೆ ಸಮಿತಿ ಬಂತು. ಅಧ್ಯಕ್ಷೆ ಮೇಲೆ ನೋಡಿ ಹೌಹಾರಿದರು.

"ಇಳಿಸಬಾರದಿತ್ತೇನಮ್ಮಾ?"

"ಕಲ್ಲು ಒದ್ದೆ ಮೇಡಂ. ಅವನೇ ಬೇಡ ಅಂದ."

"ಹಗ್ಗ ಎಳೆದೋರು ಯಾರು?"

ಸುಳ್ಳು ಹೇಳಬಹುದಿತ್ತು. "ನಾನೇ. ಶಿಕ್ಷೆ ನನಗೆ ಕೊಡಿ, ಕಲ್ಲಿಗೆ ಬೇಡ."

ಅಧ್ಯಕ್ಷೆ ಗೀರಿಲ್ಲದ ಬಂಡೆಯನ್ನು ಸವರಿದರು. ಜೊತೆಯವರತ್ತ ತಿರುಗಿದರು. "ನಿಷೇಧ ಬೇಡ. ನಮಗಿಂತ ಇವರೇ ಚೆನ್ನಾಗಿ ಕಾಯ್ತಾರೆ." ಆಮೇಲೆ ಲಿಬುಷೆಗೆ ಹೇಳಿದರು, "ನಿನ್ನ ಕೈಗೆ ಹಗ್ಗ ಕೊಟ್ಟನಲ್ಲ, ಆ ಹುಡುಗನ ತಲೆ ಮಾತ್ರ ಡಾಕ್ಟರಿಗೆ ತೋರಿಸು."

ಬಿಸಿಲು ಗಾಳಿಗೆ ಕಲ್ಲು ಒಣಗಿದ್ದು ಸಂಜೆಗೆ. ಅವಳು ಹತ್ತಿ ಹೋದಳು. ಅವನ ತುಟಿ ಒಡೆದಿತ್ತು. ಕಣ್ಣು ಮಾತ್ರ ನಗುತ್ತಿತ್ತು.

ಈ ಸಲ ಅವಳೇ ಕೈ ಚಾಚಿದಳು.

"ಬೆಟ್ಟಕ್ಕೆ ಜಯ... ರಾಡಿಮ್, ಮೊದಲು ನೀನು ಇಳಿ. ಹಗ್ಗ ಎಳ್ಕೋ. ಬಡ್ಡಿ ಸಮೇತ ಸೇಡು ತೀರಿಸ್ಕೋ."

"ತೀರಿಸ್ಕೊಳ್ತೀನಿ."

"ಮತ್ತೆ ಇಳಿ!"

"ನೀನು ಕೈ ಬಿಟ್ರೆ ತಾನೇ ಇಳಿಯೋದು?"

"ಬಿಡಲ್ಲ, ಹೋಗೋ!"