ಅರಿಶಿನದ ಬೆರಳು, ಯೂರೋಪಿಯಂ ಕೆಂಪು

ನಂಜೇಶನ ಬೆರಳು ನೋಡಿದ್ದೇ ತಡ, ಕವನಳಿಗೆ ತಾನು ಮಾಡಿದ ಎಡವಟ್ಟು ಗೊತ್ತಾಯಿತು. ಉಗುರಿನ ಸಂದಿಯಲ್ಲೆಲ್ಲ ಅರಿಶಿನ.

"ಹೋದ ವಾರ ರಕ್ತ ಕೊಡೋವಾಗ್ಲೂ ಕೈ ಹಿಂಗೇ ಇತ್ತಾ?"

"ಅರಿಶಿನ ಬೇಯ್ಸಿ ಒಣಗಾಕೋ ಟೈಮು ಕಣ್ರೀ. ನೀವು ಕರೆದ್ರಿ, ಅಂಗೇ ಓಡ್ಬಂದೆ."

ಅವನದು ಹದಿನಾರು ಎಂಬ ಹಳ್ಳಿಯಲ್ಲಿ ಬೇಸಾಯ. ಅವಳು ಟಿ. ನರಸೀಪುರದವಳು, ಸಂಶೋಧನಾ ವಿದ್ಯಾರ್ಥಿನಿ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಜೀನ್ ಯಾರಲ್ಲಿ ಅಡಗಿದೆಯೆಂದು ಹುಡುಕುವ ಹೊಸ ಕಿಟ್ ಹಿಡಿದು, ಮೂರು ತಿಂಗಳಿಂದ ಅವನ ಬೈಕಿನಲ್ಲಿ ಹಳ್ಳಿಹಳ್ಳಿ ಸುತ್ತಿದ್ದಾಳೆ. ಆ ಜೀನ್ ಅವಳಲ್ಲೂ ಇದೆ. ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ಆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಇದನ್ನು ಕೇಳಿದ ದಿನವೇ ಅವನು, "ನಂದೂ ನೋಡ್ಬಿಡಿ," ಅಂದಿದ್ದ. ಯಾಕೆಂದು ಅವಳು ಕೇಳಲಿಲ್ಲ. ಕೇಳುವ ಧೈರ್ಯವಾದರೂ ಎಲ್ಲಿತ್ತು!

ಹೋದ ವಾರ ನೋಡಿದಾಗ ಕೆಂಪು ಗೆರೆ ಬಂತು, ಅಂದರೆ ಅವನಲ್ಲೂ ಆ ಜೀನ್ ಇದೆ. ಅಂದಿನಿಂದ ಅವಳು ಬೈಕು ಬಿಟ್ಟು ಬಸ್ಸಿನಲ್ಲಿ ಬರುತ್ತಿದ್ದಳು.

"ಅರಿಶಿನನೂ ಯುವಿ ಲೈಟಿಗೆ ಹೊಳೆಯುತ್ತೆ," ಎಂದಳು ಈಗ. "ದೀಪ ಆರಿದ್ಮೇಲೆ ಮಷೀನು ಒಂದು ಚೂರು ಕಾದು ನೋಡ್ಬೇಕು. ಅಷ್ಟರಲ್ಲಿ ಅರಿಶಿನದ ಬೆಳಕು ಹೋಗಿರುತ್ತೆ, ಯೂರೋಪಿಯಂದು ಉಳಿದಿರುತ್ತೆ. ಆ ಸೆಟಿಂಗೇ ನಾನು ಹಾಕಿರಲಿಲ್ಲ. ಮಷೀನು ಅರಿಶಿನಕ್ಕೇ ಕೆಂಪು ಗೆರೆ ತೋರಿಸಿರಬಹುದು."

"ಯೂರೋಪಿಯಂ ಅಂದ್ರೆ?"

"ಒಂದು ಲೋಹ. ನಾವು ಹುಡುಕೋ ಜೀನ್ ಸಿಕ್ಕಿದ್ರೆ ಮಾತ್ರ ಕೆಂಪಗೆ ಹೊಳೆಯುತ್ತೆ."

"ಸಿಕ್ದೆ ಇದ್ರೆ?"

"ಸುಮ್ನಿರುತ್ತೆ."

"ನನ್ನಂಗೇ ಅನ್ನಿ." ಓರೆಗಣ್ಣಿನಲ್ಲಿ ಅವಳನ್ನು ನೋಡಿ, ಸಿಕ್ಕಿಬಿದ್ದು, ಸೀಲಿಂಗ್ ಫ್ಯಾನ್ ನೋಡತೊಡಗಿದ.

ಸಮುದಾಯ ಭವನದ ನಲ್ಲಿಯಲ್ಲಿ ಅವಳೇ ಅವನ ಕೈಗೆ ಸೋಪು ಹಚ್ಚಿದಳು. ಒಂದು ಸಲ ಸಾಕಿತ್ತು, ಎರಡು ಸಲ ತೊಳೆದಳು. ಅವನು ಉಸಿರೂ ಬಿಡದೆ ನಿಂತಿದ್ದ. ಮತ್ತೆ ಸೂಜಿ, ಮತ್ತೊಂದು ಹನಿ. ಈ ಸಲ ಸೆಟಿಂಗ್ ಮೂರು ಬಾರಿ ನೋಡಿಕೊಂಡಳು. 'ಇಲ್ಲ ಅಂತ ಬರಲಿ, ನಂಜುಂಡೇಶ್ವರಾ!' ವಿಜ್ಞಾನ ಓದಿದವಳು ಬೇಡಿಕೊಂಡಳು.

ಮಷೀನು ಬೀಪ್ ಅನ್ನುತ್ತಲೇ ಅವನು ಪರದೆಯ ಮೇಲೆ ಅಂಗೈ ಇಟ್ಟುಬಿಟ್ಟ.

"ನೋಡ್ಬ್ಯಾಡಿ. ಇಲ್ಲ ಅಂತ ಬಂದ್ಮೇಲೆ ಕೇಳಿದ್ರೆ ಮಷೀನ್ನ ಕೇಳ್ದಂಗಾಯ್ತದೆ. ನಾನು ನಿಮ್ಮನ್ನ ಕೇಳ್ಬೇಕು. ನನ್ನ ಮದ್ವೆ ಆಯ್ತೀರಾ?"

ಅವಳು ಅವನ ಕಡೆ ತಿರುಗಿದಳು. "ಇದೆ ಅಂತ ಬಂದ್ರೆ?"

"ಏನ್ ಮಾಡ್ಬೇಕು ಅಂತ ನೀವೇ ಊರಿಗೆಲ್ಲ ಏಳ್ಕೊಟ್ಟಿದ್ದೀರಲ್ಲ. ಮೂರನೇ ತಿಂಗ್ಳಲ್ಲೇ ಗರ್ಭದ ಟೆಸ್ಟು. ಆಸ್ಪತ್ರೆಗೆ ನಾನೂ ಬತ್ತೀನಿ."

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಕೆಂಪು ಗೆರೆ. ಅರಿಶಿನದ ನೆಪವೂ ಈಗ ಇರಲಿಲ್ಲ. ಅವನ ಮುಖ ಸಣ್ಣಗಾಯಿತು. ಅವಳ ಕಣ್ಣು ತುಂಬಿತು.

"ಆಡಿದ್ ಮಾತು ವಾಪಸ್ ತಗೋಳಲ್ಲ," ಎಂದ ಮೆಲ್ಲಗೆ. "ನಿಮ್ ಉತ್ರ ನೀವು ಏಳಿ."

ಕವನ ಮೂಗು ಒರೆಸಿಕೊಂಡು ಅವನ ಫಾರಂ ಎಳೆದುಕೊಂಡಳು. ಫಲಿತಾಂಶ: ಇದೆ. ಅದರ ಕೆಳಗಿನ ಪ್ರಶ್ನೆ, ಸಂಗಾತಿಯ ಪರೀಕ್ಷೆ ಆಗಿದೆಯೇ? ಅವನು ಉಸಿರು ಬಿಗಿಹಿಡಿದು ಇಣುಕುತ್ತಿದ್ದ. ಅವಳು 'ಆಗಿದೆ' ಎಂದು ಬರೆದು, ಪಕ್ಕದಲ್ಲಿ ತನ್ನ ಹೆಸರು ಬರೆದಳು.